ಘಾಟು

ನಾಲೆಯ ಕೊನೆಯ ತೂಬಿನಾಚೆ,
ನುಗ್ಗೇಹಳ್ಳಿ ದಾರಿಗೆ ಬೆನ್ನು ಹಾಕಿ ಹದಿನಾರು ಗುಂಟೆ.
ಬೇಸಿಗೆ ಬಂದರೆ ಬದುವಿನ ಮೇಲೆ ಬಿಳಿ ಹಕ್ಕಳೆ,
ಯಾರೋ ಸುಣ್ಣದ ಬೆರಳು ಒರೆಸಿ ಹೋದ ಹಾಗೆ.

ಊರಿಗೆ ಅದು ಚೌಳು. ಬೇಡದ ನೆಲ.
ಬೇಡವಾದ್ದಕ್ಕೇ ನಮಗೆ ಸಿಕ್ಕಿದ್ದು.
ನಮ್ಮಜ್ಜಿ ಪುಟ್ಟಹೊನ್ನಿ ಅದನ್ನು ಗೋರಿ, ಜರಡಿ ಹಿಡಿದು,
ಕುಕ್ಕೆಗೆ ತುಂಬಿ ಕೆರೆಗೆ ಹೊತ್ತಳು, ನಲವತ್ತು ವರ್ಷ.
ಊರ ಪಂಚೆ, ಊರ ಸೀರೆ, ಬಾಣಂತಿ ಕೋಣೆಯ ಚಿಂದಿ
ಎಲ್ಲ ಆ ಮಣ್ಣಲ್ಲೇ ಬೆಳ್ಳಗಾದವು.

ನಾನು ಅಲ್ಲಿ ಭತ್ತ ನೆಟ್ಟೆ.
ಸೊಸೈಟಿಯಲ್ಲಿ ಸಾಲು ನಿಂತು, ಹೆಬ್ಬೆಟ್ಟು ಒತ್ತಿ
ಯೂರಿಯಾ ತಂದೆ.
ಹನ್ನೆರಡರ ಬಿಸಿಲಲ್ಲಿ ಎರಚಿದೆ.
ಮೂರನೇ ದಿನ ಬದುವಿನ ಮೇಲೆ ಕೂತರೆ ಕಣ್ಣುರಿ.
ಪಕ್ಕದ ಕರಿಗೌಡರ ಗದ್ದೆ ಅದೇ ಗೊಬ್ಬರಕ್ಕೆ ಗಿಣಿಯಾಯಿತು;
ನನ್ನದು ಕಾಮಾಲೆ ಹಿಡಿದ ಮಗು.
ಇನ್ನೊಂದು ಮೂಟೆ ಸುರಿದೆ.
ಅದೇ ಘಾಟು. ಅದೇ ಹಳದಿ.

ಚನ್ನರಾಯಪಟ್ಟಣದಲ್ಲಿ ಮಣ್ಣು ಪರೀಕ್ಷೆಯ ಹುಡುಗಿ ನಸೀಮಾ
ಲೋಟಕ್ಕೆ ಕಡ್ಡಿ ಅದ್ದಿ, ಒಂಬತ್ತೂ ಕಾಲು ಅಂದಳು.
‘ಅಕ್ಕಾ, ನೀವು ಹಾಕಿದ್ದನ್ನ ಪೈರು ತಿಂದಿಲ್ಲ,
ಗಾಳಿ ತಿಂದಿದೆ.’
ಜಿಪ್ಸಂ, ಡಯಂಚ, ಬಸಿಗಾಲುವೆ ಅಂತ
ಜ್ವರಕ್ಕೆ ಬರೆಯುವ ಹಾಗೆ ಚೀಟಿ ಬರೆದಳು.

ಗದ್ದೆ ಹಾದು ಮನೆಗೆ ಬಂದೆ. ಕಣ್ಣು ಕಾಣದ ಅಜ್ಜಿ
ನನ್ನ ಸೆರಗು ಎಳೆದು ಮೂಸಿ, ನಕ್ಕಳು.
‘ಹಸುಗೂಸಿನ ಬಟ್ಟೆ ಕಣೇ ಇದು!
ಉಚ್ಚೆ ಬಟ್ಟೆಗೆ ಚೌಳು ಕಲಸಿ ಉಬ್ಬೆ ಇಟ್ರೆ
ಹಿಂಗೇ ಮೂಗು ಬಿಚ್ಚೋದು.
ಘಾಟು ಎದ್ದು ಹೋಗ್ಲಿ ಅಂತಾನೇ ಅಲ್ವಾ ನಾವು ಹಾಕ್ತಿದ್ದಿದ್ದು?
ನೆಲ ಅದರ ಕೆಲ್ಸ ಅದು ಮಾಡ್ತಾ ಐತೆ.
ನೀನು ಕೊಟ್ಟಿದ್ದನ್ನ ಒಗೆದು ಒಣಗಾಕೈತೆ.’

ಎರಡು ಮೂಟೆ. ಕಲೆಯುಳಿಯದ ಹಾಗೆ ಒಗೆದಿತ್ತು.
ಆ ರಾತ್ರಿ ನೆಲವನ್ನು ಬೈಯಲು ಬಾಯಿ ಬರಲಿಲ್ಲ,
ನಮ್ಮ ಮನೆಗೆ ಅನ್ನ ಹಾಕಿದ ಕಸುಬು ಅದು.

ಈಗ ಬಿಸಿಲು ಇಳಿದ ಮೇಲೆ ಗದ್ದೆಗಿಳಿಯುತ್ತೇನೆ.
ಕೆಮ್ಮಣ್ಣು ಕಲಸಿ, ನಿಂಬೆಗಾತ್ರ ಉಂಡೆ ಕಟ್ಟಿ,
ಒಳಗೆ ಚಿಟಿಕೆ ಯೂರಿಯಾ ಅಡಗಿಸಿ
ನಾಲ್ಕು ಬುಡಕ್ಕೆ ಒಂದರಂತೆ ಬೆರಳುದ್ದ ಕೆಸರಿಗೆ ಒತ್ತುತ್ತೇನೆ,
ಬದುವಿನ ಬಿಳಿಗೆ ಸುಳಿವು ಸಿಗದ ಹಾಗೆ.
ಸೊಂಟ ಹಿಡಿಯುತ್ತದೆ. ಡಯಂಚ ಬೀಜ ಇನ್ನೂ ಬಂದಿಲ್ಲ.
ಬಸಿಗಾಲುವೆಗೆ ಕರಿಗೌಡರು ಜಾಗ ಬಿಡುವುದಿಲ್ಲವಂತೆ.

ಬಾಗಿಲಲ್ಲಿ ಅಜ್ಜಿ: ‘ಎಲ್ಲಿ, ಕೈ ಕೊಡು.’
ಮೂಸುತ್ತಾಳೆ.
ಏನೂ ಇಲ್ಲ. ಬರೀ ಕೆಸರು.
‘ನನ್ನ ಮೂಗೇ ಕೆಡ್ತೋ ಏನೋ’ ಅಂತ ಗೊಣಗಿ
ಇನ್ನೊಂದು ಕೈ ಕೇಳುತ್ತಾಳೆ.