ಒಂದು ಚೀಲಗಳು

ಕೆಳಗೆ ಆಲೂಗಡ್ಡೆಗೆ ನಾಲ್ಕು ಡಿಗ್ರಿ,
ಮೇಲೆ ನನ್ನ ಯಂತ್ರಗಳಿಗೆ ಇಪ್ಪತ್ತು.
ಎರಡಕ್ಕೂ ಒಂದೇ ಜನರೇಟರು.
ಹಾಸನದ ಈ ಕೋಲ್ಡ್ ಸ್ಟೋರೇಜಿನಲ್ಲಿ
ಕೆಡಬಾರದ್ದನ್ನು ಎರಡು ಅಂತಸ್ತಿನಲ್ಲಿ ಇಟ್ಟಿದ್ದಾರೆ:
ಗೆಡ್ಡೆ, ಮತ್ತೆ ಮಾತು.

ಮಾತು ಅಂದರೆ ಹೆಚ್ಚೇನಲ್ಲ,
ಒಂದು ಕಪಾಟು, ಐದು ಖಾನೆ.
ಫೋನು ಬಂದು ಕದ ತಟ್ಟಿ
ಮೊದಲು ಭಾಷೆ ಹೇಳುತ್ತದೆ, ಆಮೇಲೆ ಸೀಮೆ.
ಜಲಂಧರಿನಿಂದ ಬಿತ್ತನೆ ಲಾರಿ ತಂದವನಿಗೆ ಹಿಂದಿ,
ಮೆಟ್ಟುಪಾಳ್ಯದ ಖರೀದಿದಾರನಿಗೆ ತಮಿಳು,
ತಕ್ಕಡಿಯ ಇಮ್ತಿಯಾಜ್ ಸಾಬರಿಗೆ ಉರ್ದು.
ಆಗ ಇಡೀ ಪರದೆಯೇ ಮಗ್ಗುಲು ಬದಲಿಸಿ
ಬಲದಿಂದ ಎಡಕ್ಕೆ ಮಲಗುತ್ತದೆ.
ಲಕ್ಷದಲ್ಲಿ ಅಲ್ಪವಿರಾಮ ಎಲ್ಲಿ ಬೀಳಬೇಕು,
ತಾರೀಕಿನಲ್ಲಿ ತಿಂಗಳು ಮುಂದೋ ಹಿಂದೋ,
ಇಂಥ ಚಿಲ್ಲರೆ ಪಂಚಾಯಿತಿಗೆ ನನಗೆ ಸಂಬಳ.
ಕೇಳಿದ ಖಾನೆಯಲ್ಲಿ ಪದ ಸಿಗದಿದ್ದರೆ
ಇಂಗ್ಲಿಷು ಎದ್ದು ಬರುತ್ತದೆ,
ಕರೆಯದ ಮದುವೆಗೆ ಬಂದು
ಮೊದಲ ಪಂಕ್ತಿಯಲ್ಲೇ ಕೂತವನ ಹಾಗೆ.

ಗೌರಿ ಹಬ್ಬದ ಹಿಂದಿನ ಮಂಗಳವಾರ
ದುದ್ದದ ಕಡೆಯ ದ್ಯಾವೀರಮ್ಮ ಒಂದು ಚೀಲ ತಂದಳು.
ಒಂದೇ. ಲಗೇಜು ಆಟೋದಲ್ಲಿ,
ಬೇರೆಯವರ ನಲವತ್ತರ ಸಂದಿಯಲ್ಲಿ.
ತೂಕವಾಯಿತು, ಫೋನು ಕುಂಯ್ ಅಂತು:
'೧ ಚೀಲಗಳು ಸ್ವೀಕರಿಸಲಾಗಿದೆ.'

ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವಳು,
ಒಂದನ್ನೂ ಬಿಡದೆ ಕೂಡಿಸಿ ಕೂಡಿಸಿ ಓದಿದಳು.
'ಗಳು ಅಂತ ಐತಲ್ಲಪ್ಪ.
ಒಂದಾದ್ರೆ ಚೀಲ. ಗಳು ಅಂದ್ರೆ ಇನ್ನೂ ಐತೆ ಅಂತ.
ಆ ಇನ್ನೊಂದ್ ಯಾರ್ದು? ಯಾರ್ ಲೆಕ್ಕಕ್ಕೆ ಬರ್ಕೊಂಡ್ರಿ?
ನಾಳೆ ಬಾಡ್ಗೆ ಎರಡಕ್ ಕೇಳ್ತೀರಾ?'

ಗುಮಾಸ್ತ ನಕ್ಕ.
ಹಿಂದೆ ಸಾಲು ಗೇಟು ದಾಟಿತು.
ಇಮ್ತಿಯಾಜ್ ಸಾಬರು ತಕ್ಕಡಿ ನಿಲ್ಲಿಸಿ
ನನ್ನ ಕಿಟಕಿಯತ್ತ ಮುಖ ಎತ್ತಿದರು:
'ಮೇಡಂ, ಇದು ನಿಮ್ಮ ಅಂತಸ್ತಿಂದು. ಇಳೀರಿ.'

ಇಳಿದೆ.
ಹೇಗೆ ಹೇಳಲಿ, ಅದು ಬರೀ ಖಾಲಿ ಬಿಟ್ಟ ಜಾಗ ಅಂತ,
ಪುಷ್ಪಾವರಣದೊಳಗೆ ಯಾವ ಅಂಕಿ ಬಂದು ಕೂತರೂ
ಹಿಂದೆ 'ಚೀಲಗಳು' ಮೊದಲೇ ಕಾದು ನಿಂತಿರುತ್ತದೆ ಅಂತ,
ನೂರು ತರುವವರನ್ನು ನೆನೆದು ಬರೆದ ಸಾಲು ಅಂತ?
ಒಂದು ತರುವವಳು
ನನ್ನ ತಲೆಯಲ್ಲಿ ಇರಲೇ ಇಲ್ಲ.
'ತಪ್ಪು ನಂದು' ಅಂದೆ, ಅಷ್ಟೇ.
'ನಿಂದಾ? ಮಿಷನ್ದು ಅಂದ್ರು ಇವ್ರು.'

ಆ ರಾತ್ರಿ ಸಾಲನ್ನು ಎರಡಾಗಿ ಸೀಳಿದೆ,
ಒಂದಕ್ಕೊಂದು, ಹಲವಕ್ಕೊಂದು.
ನಿಯಮದ ಪಟ್ಟಿ ತೆರೆದರೆ ಭಾಷೆಗೊಂದು ಎಣಿಕೆ.
ಅರಬ್ಬಿಗೆ ಆರು ಮನೆ.
ಇಂಗ್ಲಿಷಿಗೆ ಎರಡು, ಅಲ್ಲಿ ಸೊನ್ನೆ
ಹಲವರ ಗುಂಪಿನಲ್ಲಿ ಕರಗಿಹೋಗಿದೆ.
ಕನ್ನಡಕ್ಕೂ ಎರಡೇ,
ಆದರೆ ಸೊನ್ನೆ ಒಂದರ ಪಕ್ಕ ಕೂತಿದೆ.
ಸೊನ್ನೆ ಚೀಲ. ಗಳು ಇಲ್ಲ.
ಹನ್ನೊಂದು ವರ್ಷ ಈ ಕೆಲಸ ಮಾಡಿಯೂ ಕಂಡಿರಲಿಲ್ಲ.
ನಾಲಗೆಗೆ ಗೊತ್ತಿತ್ತು, ನನಗಿರಲಿಲ್ಲ.
ಯಾರೂ ಇಲ್ಲದ ಕೋಣೆಯಲ್ಲಿ
ಫ್ಯಾನುಗಳ ಸದ್ದಿನ ಮೇಲೆ ಗಟ್ಟಿಯಾಗಿ ಹೇಳಿ ನೋಡಿದೆ:
ಸೊನ್ನೆ ಚೀಲ, ಒಂದು ಚೀಲ, ಎರಡು ಚೀಲಗಳು.
ಎರಡಕ್ಕೂ ಬಾಯಿ 'ಎರಡು ಚೀಲ' ಅಂದೇ ಹಟ ಹಿಡಿಯಿತು.
ಪಟ್ಟಿಯ ಮಾತು ಕೇಳಿ ಬಾಯಿ ಮುಚ್ಚಿದೆ.

ಎರಡು ಗಂಟೆಗೆ ಹೊಸ ಸಾಲು ಹೊರಟಿತು.
ಹಳೆಯದು ತಕ್ಷಣ ಹೋಗುವುದಿಲ್ಲ.
ಸಿಗ್ನಲ್ಲು ಸಿಗದ ಹೊಲಗಳಲ್ಲಿ, ಎಲೆಯಡಿಕೆ ಚೀಲದೊಳಗೆ,
ಮೂಲೆ ಒಡೆದ ಫೋನುಗಳಲ್ಲಿ
ಇನ್ನೆರಡು ದಿನ ಗಳು ಗಳು ಅನ್ನುತ್ತಲೇ ಇರುತ್ತದೆ.

ಕಾರ್ತಿಕದಲ್ಲಿ ಅವಳು
ಚೀಲ ಬಿಡಿಸಿಕೊಳ್ಳಲು ಬಂದಳು.
ಬಾಡಿಗೆ ಒಂದಕ್ಕೇ.
ಪರದೆ ಹೇಳಿತು: '೦ ಚೀಲ ಉಳಿದಿದೆ.'
ಬೆರಳಿಟ್ಟು ಓದಿದಳು. ಕೊನೆಯಲ್ಲಿ
ಏನಾದರೂ ಅಂಟಿಕೊಂಡಿದೆಯೋ ಎಂದು
ಸೆರಗಿನ ತುದಿಯಿಂದ ಗಾಜು ಉಜ್ಜಿದಳು.
ನಾನು ಮೆಟ್ಟಿಲ ಮೇಲೆಯೇ ಇದ್ದೆ,
ಕೊಂಚ ಹೆಮ್ಮೆಯಲ್ಲಿ.

'ಅಲ್ಲ ಕಣವ್ವ,
ಸೊನ್ನೆ ಅಂದ್ಮೇಲೆ ಉಳಿದಿದೆ ಅಂತ ಯಾಕೆ?
ಉಳಿದಿಲ್ಲ ಅನ್ನಬೇಕಲ್ವಾ?'

ಮೂರನೆಯ ಸಾಲಿಗೆ ಜಾಗ ಹುಡುಕುತ್ತಾ
ಮತ್ತೆ ಮೇಲೆ ಹತ್ತಿದೆ.