ತ ಥ ದ ಧ ನ

ಭಿಶಿಯ ಚೀಟಿಯಲ್ಲಿ ನನ್ನ ಹೆಸರು ಬಂದ ತಿಂಗಳು
ಡೊಂಬಿವಲಿ ಪೂರ್ವದ ಡಾಕ್ಟರ್ ಕೇತಕಿ ಗುಪ್ತೆ
ನನ್ನ ಬಾಯಿಗೊಂದು ಗಾಜಿನ ಬಾಯಿ ತೊಡಿಸಿದರು.
ಗಾಜಲ್ಲ, ಪ್ಲಾಸ್ಟಿಕ್ಕು. ಮೇಲೊಂದು, ಕೆಳಗೊಂದು.
ಒಟ್ಟು ಇಪ್ಪತ್ತಾರು ಜೊತೆ, ಇದು ಮೊದಲನೆಯದು.
"ದಿನಕ್ಕೆ ಇಪ್ಪತ್ತೆರಡು ಗಂಟೆ," ಅಂದರು,
"ಉಳಿದೆರಡು ಗಂಟೆ ಊಟಕ್ಕೆ, ಚಹಾಕ್ಕೆ, ನಿಮಗೆ."
ಐವತ್ತೊಂದರ ನಾನು ಲೆಕ್ಕ ಹಾಕಿದೆ:
ನನಗೆ ಅಂತ ದಿನಕ್ಕೆರಡು ಗಂಟೆ
ಈ ಮೊದಲು ಯಾರೂ ಬರೆದುಕೊಟ್ಟಿರಲಿಲ್ಲ.

ಮೊದಲ ರಾತ್ರಿ
ಹಲ್ಲುಗಳೆಲ್ಲ ಎಂಟೂ ಹನ್ನೊಂದರ ಲೋಕಲ್ಲಿನ ಹೆಂಗಸರಾದವು.
ಮೂವರ ಸೀಟಿಗೆ ನಾಲ್ಕನೆಯವಳು ಬಂದಳು,
"ಜರಾ ಸರಕಾ ನಾ," ಅಂದಳು.
ಯಾರೂ ಕದಲಲಿಲ್ಲ, ಆದರೂ ಎಲ್ಲರೂ ಸರಿದರು
ಕೂದಲೆಳೆಯಷ್ಟು.
ಆ ಕೂದಲೆಳೆ ಕಿವಿಯವರೆಗೂ ನೋಯಿತು.

ಬೆಳಗಾದಾಗ ಅಂಚೊಂದು ನಾಲಿಗೆಯ ಬದಿಯನ್ನು ಕೊರೆದಿತ್ತು.
ಉಗುರಿನ ಅರದಿಂದ ಮೆಲ್ಲಗೆ ಉಜ್ಜಿದೆ,
ಮೇಣ ಹಚ್ಚಿದೆ, ತಣ್ಣೀರು ಮುಕ್ಕಳಿಸಿದೆ.
ಮೆತ್ತನೆಯ ರಬ್ಬರ್ ಬತ್ತಿಯೊಂದು ಕೊಟ್ಟಿದ್ದಾರೆ,
ಕಚ್ಚಬೇಕು, ಐದು ನಿಮಿಷ, ಬಲಕ್ಕೆ, ಎಡಕ್ಕೆ.
ಹಲ್ಲು ಕಚ್ಚಿ ಸಹಿಸು ಅಂತ ಅಮ್ಮ ಹೇಳುತ್ತಿದ್ದುದಕ್ಕೆ
ಈಗ ಡಾಕ್ಟರ ಚೀಟಿಯೂ ಇದೆ.

ಫೋರ್ಟಿನ ಆಫೀಸಿನಲ್ಲಿ ನನ್ನ ಕೆಲಸ
ಅಂಕಿ ಓದಿ ಹೇಳುವುದು. ಸಬನೀಸ್ ಎದುರು ಕೂತು ಟಿಕ್ ಹಾಕುತ್ತಾನೆ.
ಸತ್ತಾವೀಸ್. ಸತ್ಯಾಹತ್ತರ್. ಸಾತಶೇ ಸದುಸಷ್ಟ್.
ಪ್ರತಿ ಸಕಾರಕ್ಕೂ ಕುಕ್ಕರಿನ ಹಬೆ.
ಸಬನೀಸ್ ತಲೆ ಎತ್ತಿ ಕಿಟಕಿ ನೋಡಿದ,
ಗಾಳಿ ಎಲ್ಲಿಂದ ನುಗ್ಗುತ್ತಿದೆಯೋ ಎಂದು.

ವಡಾಲಾದ ಮುನ್ಸಿಪಾಲ್ಟಿ ಕನ್ನಡ ಶಾಲೆಯಲ್ಲಿ
ಗೌರಾಬಾಯಿ ಟೀಚರು ಹೇಳಿಕೊಟ್ಟಿದ್ದರು:
ತ ಥ ದ ಧ ನ,
ನಾಲಿಗೆಯ ತುದಿ ಹಲ್ಲಿನ ಹಿಂಬದಿಗೆ
ತಟ್ಟಿ ಬರಬೇಕು, ನೆರೆಮನೆಯ ಕದ ತಟ್ಟಿದ ಹಾಗೆ.
ನಲವತ್ತೈದು ವರ್ಷ ತಟ್ಟಿದ ಕದ.
ಈಗ ಅದಕ್ಕೆ ಸೇಫ್ಟಿ ಡೋರು ಕೂರಿಸಿದ್ದಾರೆ,
ನಾಲಿಗೆ ಪಾಪ
ಹೊರಗೆ ನಿಂತು ಹೆಸರು ಕೂಗುತ್ತದೆ.

ಠಾಣೆಯಲ್ಲಿ ಶೇಂಗಾ ಮಾರುವ ಹುಡುಗಿ ಹತ್ತುತ್ತಾಳೆ.
ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ.
ನನಗೆ ಎರಡೂ ಇವೆ.
ನೀಲಿ ಡಬ್ಬಿ ತೆರೆಯಲು ಮೂರನೆಯ ಕೈ ಇಲ್ಲ.
ಒಂದು ಕಂಬಿಯ ಮೇಲೆ, ಒಂದು ಚೀಲದ ಮೇಲೆ.
ನನ್ನ ಪಾಲನ್ನೂ ರೋಹಿಣಿ ತಾಂಡೇಲಳೇ ತಿಂದಳು,
ನನ್ನ ಪರವಾಗಿ, ಬಹಳ ನಿಧಾನವಾಗಿ.

ಅತ್ತೆಗೆ ಎಂಬತ್ತಮೂರು. ಅವರ ಹಲ್ಲುಗಳು
ರಾತ್ರಿ ಸ್ಟೀಲಿನ ಬಟ್ಟಲಲ್ಲಿ ಮುಳುಗಿ ಮಲಗುತ್ತವೆ.
"ಹಲ್ಲಿರುವಾಗಲೇ ಕಟ್ಟಿಸಿಕೊಂಡೆಯಲ್ಲೇ!" ಎಂದು
ಬೊಚ್ಚುಬಾಯಿ ತೆರೆದು ನಕ್ಕರು. ಆಮೇಲೆ,
ನಾನು ಗಂಜಿ ಕುಡಿಯುವುದನ್ನು ನೋಡುತ್ತ,
"ಹೊಸದರಲ್ಲಿ ನನಗೂ ಈ ಬಾಯಿ ನನ್ನದಲ್ಲ ಅನ್ನಿಸಿತ್ತು.
ಗಟ್ಟಿಯಾಗಿ ಓದು. ಏನಾದರೂ ಓದು.
ನನಗೆ ಹೇಗೂ ಅರ್ಧ ಕೇಳಿಸುವುದಿಲ್ಲ."
ಓದಿದೆ. ಗ್ಯಾಸಿನ ಬಿಲ್ಲು. ಕುಕ್ಕರಿನ ಗ್ಯಾರಂಟಿ ಕಾರ್ಡು.
ಸೊಸೈಟಿಯ ನೋಟೀಸನ್ನು ಕನ್ನಡಕ್ಕೆ ತಿರುಗಿಸಿ:
ಸೋಮವಾರ ಸಂಜೆ ನೀರು ಸಿಗುವುದಿಲ್ಲ, ಸದಸ್ಯರು ಸಹಕರಿಸಬೇಕು.
"ಸ ಅನ್ನು, ಶ ಅನ್ನಬೇಡ," ಎಂದರು ಅತ್ತೆ.
ಹಾಗೆಂದಾಗ ಅವರ ಬಾಯಿಂದ ಬಂದದ್ದು
ಎರಡೂ ಶ.

ನೋವು ಯಾವಾಗ ಇಳಿದುಹೋಯಿತೋ ನೋಡಲಿಲ್ಲ.
ಗರ್ದಿಯಲ್ಲಿ ಯಾರು ಯಾವ ಸ್ಟೇಷನ್ನಿನಲ್ಲಿ ಇಳಿದರೆಂದು
ಯಾರು ನೋಡುತ್ತಾರೆ?
ಒಂಬತ್ತನೆಯ ದಿನ, ಮುಂಬ್ರಾದ ಹತ್ತಿರ,
ರೋಹಿಣಿ ತನ್ನ ಭಾವನ ವಿಗ್ಗಿನ ಕತೆ ಹೇಳಿದಳು.
ನಕ್ಕೆ.
ಹುಡುಗಿಯಾದಾಗಿನಿಂದ ಸೆರಗು ಹಿಡಿದು ಮೇಲೇಳುತ್ತಿದ್ದ ಕೈ
ಕಂಬಿಯನ್ನು ಬಿಡಲಿಲ್ಲ.
ಸೊಟ್ಟ ಹಲ್ಲು ಇನ್ನೂ ಸೊಟ್ಟಗೇ ಇದೆ.

ಬುಧವಾರ ಎರಡನೆಯ ಜೊತೆ.
ಮಲಗುವ ಮುನ್ನ ಹಾಕಿಕೊಳ್ಳಿ ಅಂದಿದ್ದಾರೆ ಗುಪ್ತೆ,
ನೋವಿನ ಮೊದಲ ತುತ್ತು ನಿದ್ದೆಯ ಪಾಲಿಗೆ.
ಹಳೆಯದನ್ನು ತೊಳೆದು ಬೆಳಕಿಗೆ ಹಿಡಿದೆ:
ಹೋದ ವಾರದ ನನ್ನ ಬಾಯಿ,
ಒಳಗೆ ಯಾರೂ ಇಲ್ಲ.
ಅತ್ತೆ ತಮ್ಮ ಬಟ್ಟಲು ಸರಿಸಿ ಜಾಗ ಮಾಡಿದರು.
"ಇದಕ್ಕೂ ನೀರು ಹಾಕಬೇಕೇನೇ?"