ಬರ್ಕಾದ ಮಣ್ಣು

ಖಲ್ಫಾನ್ ಅಜ್ಜ ಚಿಟಿಕೆ ಮಣ್ಣು ನಾಲಿಗೆಗಿಟ್ಟು
"ಹದಿನಾಲ್ಕು" ಅಂದ.
ನನ್ನ ಮೀಟರು ಹದಿಮೂರೂ ಮುಕ್ಕಾಲು ಅಂದಿತು.
ಹುಳಿ ಎಳ್ಳಷ್ಟೂ ಇಲ್ಲ, ಬರೀ ಉಪ್ಪು:
ಬಾವಿಯ ಸಿಹಿಯನ್ನೆಲ್ಲ ಪಂಪು ಹೀರಿದ ಮೇಲೆ
ಕಡಲು ಖರ್ಜೂರದ ಬುಡಕ್ಕೆ
ಅಡಿಯಿಂದಲೇ ನಡೆದು ಬಂದಿದೆ.

ಜೇಡಿಮಣ್ಣಿನ ಪದರವೆಂದರೆ ನಮ್ಮ ಕ್ಯಾಂಪಿನ ಮಂಚ,
ಒಂದರ ಮೇಲೊಂದು.
ಕ್ಯಾಲ್ಸಿಯಂ ಒಬ್ಬ ಎದ್ದುಹೋದರೆ
ಅದೇ ರಾತ್ರಿ ಸೋಡಿಯಂ ಇಬ್ಬರು,
ಚಾದರವನ್ನೂ ಕೊಡವದೆ.
ಆಮೇಲೆ ಪದರಪದರಕ್ಕೂ ಮಾತಿಲ್ಲ,
ಬಿಟ್ಟ ನೀರು ಮೇಲೆಯೇ ಕೂತಿರುತ್ತದೆ.

"ಜಿಪ್ಸಂ ಹಾಕಿ, ಸಿಹಿನೀರು ಹಾಯಿಸಿ"
ಸಾಹೇಬರು ಹೇಳಿದಂತೆ ಬರೆದುಕೊಟ್ಟೆ.
"ಸಿಹಿನೀರು?"
ಅಜ್ಜ ಚೀಟಿ ಮಡಚಿ ನಕ್ಕ.

ಸಂಜೆ, ಮೋನಪ್ಪನ ಮಂಚದಲ್ಲಿ
ಯಾರೋ ಹೊಸಬ ಬೂಟು ಬಿಚ್ಚುತ್ತಿದ್ದ.
ಅಂಗಿಯ ಬೆನ್ನ ಮೇಲೆ
ಅದೇ ಬಿಳಿ ಹೊಪ್ಪಳೆ.
ಮೀಟರು ಬ್ಯಾಗಿನಲ್ಲೇ ಇತ್ತು.
ತೆಗೆಯಲಿಲ್ಲ.